ಕಾಗದ ತಾಗಿದ ಕತ್ತರಿ

ದರ್ಜಿಯಾದ ನನ್ನ ಗಂಡ ಒಂದೇ ಕೋಟಿಗೆ ಎರಡು ಎಡತೋಳು ಕತ್ತರಿಸಿಟ್ಟ ದಿನ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಗಿರಾಕಿ ತಂದುಕೊಟ್ಟ ಬಟ್ಟೆ. ಬಲತೋಳಿಗೆ ಉಳಿದದ್ದು ಗೇಣಗಲದ ಚೂರು.

"ರೀ, ಈ ಮನುಷ್ಯನಿಗೆ ಬಲಗೈ ಇಲ್ವಾ?" ಅಂದೆ.

ಮೊದಲಾಗಿದ್ದರೆ ಜಗಳಕ್ಕೇ ಬರುತ್ತಿದ್ದರು. ಈಗ ಆ ತೋಳುಗಳನ್ನು ಮಡಿಸಿ ಬದಿಗಿಟ್ಟರು. ಆಮೇಲೆ ತಮ್ಮ ದೊಡ್ಡ ಕತ್ತರಿಯನ್ನು ನನ್ನ ಹೊಲಿಗೆ ಯಂತ್ರದ ಮೇಲಿಟ್ಟು, "ನೀನೇ ಇಟ್ಕೊ. ನನಗಿನ್ನು ಬೇಡ" ಅಂದರು.

ಮದುವೆಯಾದಾಗಿನಿಂದ ಆ ಕತ್ತರಿಯನ್ನು ನನಗೂ ಮುಟ್ಟಲು ಬಿಟ್ಟವರಲ್ಲ. ಬಟ್ಟೆಯ ಕತ್ತರಿಗೆ ಕಾಗದ ತಾಗಿದರೆ ಅಲಗು ಮೊಂಡಾಗುತ್ತದೆ. ಹಿಂದೊಮ್ಮೆ ನಾನು ಗೊತ್ತಿಲ್ಲದೆ ಅದರಲ್ಲಿ ಪೇಪರ್ ಕತ್ತರಿಸಿದ್ದಕ್ಕೆ ಬೀದಿಯ ತುದಿಗೂ ಕೇಳುವಂತೆ ಕೂಗಾಡಿದ್ದರು. ಅಂಥವರು ಅದನ್ನೇ ಬೇಡ ಅಂದರೆ, ಬದುಕೇ ಬೇಡವಾಯಿತೇನೋ ಎಂದು ಹೆದರಿದೆ.

ಇವರಿಗೆ ಸಕ್ಕರೆ ಕಾಯಿಲೆ ಹಳೆಯದು. ಮಾತ್ರೆ ನುಂಗಿದರೆ ನುಂಗಿದರು, ಇಲ್ಲದಿದ್ದರೆ ಇಲ್ಲ. ಇತ್ತೀಚೆಗಂತೂ ಹಾಸಿಗೆ ಬಿಟ್ಟೇಳುವುದೇ ದೊಡ್ಡ ಕೆಲಸ. "ಸೋಮಾರಿತನ ಕಣಮ್ಮ, ಸ್ವಲ್ಪ ಬಿಗಿ ಮಾಡು" ಅನ್ನುತ್ತಿದ್ದರು ಅತ್ತೆ. ಹೇಳಿ ಹೇಳಿ ನನ್ನ ನಾಲಿಗೆಯೇ ಸವೆದಿತ್ತು.

ಮರುದಿನ ಇವರನ್ನು ಆಸ್ಪತ್ರೆಗೆ ಎಳೆದುಕೊಂಡೇ ಹೋದೆ. ಡಾಕ್ಟರಮ್ಮ ರಕ್ತದ ವರದಿ ಬದಿಗಿಟ್ಟು ನೇರವಾಗಿ ಕೇಳಿದರು: "ಸಾಯ್ಬೇಕು ಅನ್ಸುತ್ತಾ?"

"ಬೆಳಿಗ್ಗೆ ಎಚ್ಚರ ಆಗದಿದ್ರೆ ಸಾಕು ಅನ್ಸುತ್ತೆ."

ಪಕ್ಕದಲ್ಲೇ ಮಲಗುವ ನನಗೆ ಹೇಳದ ಮಾತು! ಸಿಟ್ಟೂ ಬಂತು, ಅಳುವೂ ಬಂತು. ಅತ್ತೆ ಸೋಮಾರಿತನ ಅನ್ನುವುದನ್ನೂ ಹೇಳಿಬಿಟ್ಟೆ.

"ಸೋಮಾರಿತನ ಅಲ್ಲಮ್ಮ" ಅಂದರು ಡಾಕ್ಟರಮ್ಮ. "ಸಕ್ಕರೆ ಹೀಗೆ ಏರಿಳೀತಿದ್ರೆ ಮಿದುಳಿಗೂ ಪೆಟ್ಟು. ಗಮನ ನಿಲ್ಲಲ್ಲ, ಮನಸ್ಸು ಕುಗ್ಗುತ್ತೆ. ಮನಸ್ಸು ಕುಗ್ಗಿದವರಿಗೆ ಮಾತ್ರೆ ನುಂಗೋಕೂ ಬೇಡ ಅನ್ಸುತ್ತೆ, ಸಕ್ಕರೆ ಮತ್ತೆ ಏರುತ್ತೆ. ಎರಡಕ್ಕೂ ಮದ್ದು ಮಾಡ್ಬೇಕು. ಮನಸ್ಸಿನ ಡಾಕ್ಟರನ್ನೂ ನೋಡಿ. ಇವರನ್ನ ಒಂಟಿ ಬಿಡ್ಬೇಡಿ."

ಬಿಡಲಿಲ್ಲ. ಮನಸ್ಸಿನ ಡಾಕ್ಟರಿಗೂ ತೋರಿಸಿದೆ. ನಮ್ಮ ಹೊಲಿಗೆ ಅಂಗಡಿಯ ಹಿಂಬದಿಗೇ ಮಂಚ ಹಾಕಿಸಿದೆ. ಮಾತ್ರೆ ಕೊಡು, ನಡೆಸು, ಬೆರಳಿಗೆ ಚುಚ್ಚಿ ಸಕ್ಕರೆ ನೋಡು, ಇದರ ನಡುವೆ ಇಬ್ಬರ ಹೊಲಿಗೆಯನ್ನೂ ಒಬ್ಬಳೇ ಹೊಲಿ. ಚುಚ್ಚುವಾಗ "ಸೂಜಿಗೆ ಹೆದರೋ ದರ್ಜಿ ಉಂಟೇನ್ರೀ?" ಎಂದು ರೇಗಿಸಿದರೂ ನಗಲಿಲ್ಲ. ವಾರಗಳು ಕಳೆದವು. ಸಕ್ಕರೆ ಇಳಿಯಿತು, ಇವರು ಏಳಲಿಲ್ಲ. ನನಗೂ ಸಾಕುಸಾಕಾಗಿತ್ತು.

ಒಂದು ಮಧ್ಯಾಹ್ನ ರವಿಕೆಯ ಅಳತೆಗೆ ಹಳೇ ಪೇಪರ್ ಕತ್ತರಿಸಬೇಕಿತ್ತು. ನನ್ನ ಕತ್ತರಿ ಸಾಣೆಗೆ ಹೋಗಿತ್ತು. ಎದ್ದು ಬೇರೆ ಹುಡುಕಲು ಮೈಯಲ್ಲಿ ತ್ರಾಣವಿಲ್ಲ. ಹಾಳಾಗಿ ಹೋಗಲಿ ಎಂದು ಇವರದನ್ನೇ ಎತ್ತಿಕೊಂಡೆ. ಕರಕರ ಸದ್ದಾಯಿತು.

"ಏಯ್!"

ಮಂಚ ಕಿರುಗುಟ್ಟಿತು. ಪಂಚೆ ಎತ್ತಿ ಕಟ್ಟುತ್ತಾ ಬಂದೇಬಿಟ್ಟರು.

"ಕಾಗದ ಕತ್ತರಿಸ್ತಿದ್ದೀಯಾ? ನನ್ನ ಕತ್ತರೀಲಿ? ತಲೆ ನೆಟ್ಟಗಿದೆಯೇನೆ ನಿಂಗೆ? ಕೊಡಿಲ್ಲಿ!"

ಕಸಿದುಕೊಂಡು ಅಲಗನ್ನು ಬೆಳಕಿಗೆ ಹಿಡಿದು ನೋಡಿದರು. ಪಂಚೆಯ ಅಂಚಿನಿಂದ ಒರೆಸಿದರು, ಗೊಣಗಿದರು, ಮತ್ತೆ ಒರೆಸಿದರು. ನನಗೆ ಅಳು ಒತ್ತರಿಸಿಕೊಂಡು ಬಂತು.

"ಅಯ್ಯ, ಇಷ್ಟಕ್ಕೆಲ್ಲ ಅಳ್ತಾರೇನೆ?"

"ಇನ್ನೊಂದ್ಸಲ ಬಯ್ರೀ" ಅಂದೆ.