ಕಡೆಯ ಜಳಕದ ಕಲ್ಲು

“ಹೊಲಸ ಕೈ ತಗೀರಲೇ ಸೂಳಿಮಕ್ಳ, ಈಗದು ದೇವ್ರು.”

ಗೌಡ ಶ್ರೀಶೈಲಪ್ಪ ಹೀಗೆ ಬೈದಾಗ, ಕಲ್ಲು ಹೊತ್ತು ತಂದ ಕೇರಿಯ ಎಂಟು ಮಂದಿ ಇನ್ನೂ ಬೆನ್ನು ನೆಟ್ಟಗೆ ಮಾಡಿರಲಿಲ್ಲ. ದೇವರನ್ನು ಜೆಸಿಬಿಯಲ್ಲಿ ತರಬಾರದೆಂದು ಅವರ ಹೆಗಲಿಗೇರಿಸಿದ್ದವನೂ ಅವನೇ. ಹೊರುವ ತನಕ ಕಲ್ಲು, ಇಳಿಸಿದ ಮೇಲೆ ದೇವರು! ಊರ ಹೆಬ್ಬಾಗಿಲಾದ ಅಗಸಿಯ ಮುಂದೆ ಕಸ ಹೊಡೆಯುತ್ತಿದ್ದ ಕೇರಿಯ ಬಾಳಮ್ಮ ಕಸಬರಿಗೆಯನ್ನು ನೆಲಕ್ಕೆ ಕುಕ್ಕಿದಳು.

ಕೇರಿಯಲ್ಲಿ ಸತ್ತವರಿಗೆಲ್ಲ ಕಡೆಯ ಜಳಕ ಆ ಕಲ್ಲಿನ ಮೇಲೆಯೇ. ಅದರ ಒಂದು ಮಗ್ಗುಲಿಗೆ ಕುದುರೆಯೇರಿದ ಕತ್ತಿಯ ಆಳು ಇದ್ದಾನೆಂದು ಹಿರಿಯರಿಗೆ ಗೊತ್ತಿತ್ತು. ಹೆಣದ ನೀರು ಅವನ ಮುಖಕ್ಕೆ ಬೀಳಬಾರದೆಂದು ಆ ಮಗ್ಗುಲನ್ನು ಕೆಳಗೆ ಮಾಡಿ ಹಾಕಿದ್ದರು. ಆ ಭಕ್ತಿಯೇ ಮುಳುವಾಯಿತು. ಗಟಾರ ತೋಡಲು ಬಂದ ಜೆಸಿಬಿ ಕಲ್ಲನ್ನು ಮಗುಚಿದಾಗ, ಮಣ್ಣಿನಲ್ಲಿ ಸವೆಯದೆ ಉಳಿದ ಆಳು ಹೊರಬಿದ್ದ. ಕೇರಿಗೆ ಎಂದೂ ಕಾಲಿಡದ ಗೌಡ ಓಡಿ ಬಂದು, “ಇಂವ ನಮ್ಮ ಮುತ್ಯಾ,” ಎಂದ. ಕಲ್ಲು ಇಲ್ಲಿ ಯಾತಕ್ಕಿತ್ತೆಂದು ಯಾರೂ ಕೇಳಲಿಲ್ಲ. ಹೇಳಿದರೆ ಬೆನ್ನ ಮೇಲೆ ಬಾರುಕೋಲು ಮುರಿದಾರೆಂದು ಕೇರಿಯೂ ಬಾಯಿ ಬಿಡಲಿಲ್ಲ.

ಬಾಳಮ್ಮನ ಗಂಡ ಪರಮಾನಂದ ಖಣಿಯ ಧೂಳು ಕುಡಿದು, ಎದೆ ಕೆಟ್ಟು ಮಲಗಿ ವರ್ಷವಾಗಿತ್ತು. “ನಮ್ಮಪ್ಪನ್ನ ತೊಳದ ಕಲ್ಲಿನ ಮ್ಯಾಲನ ನನ್ನೂ ತೊಳೀರಿ,” ಎಂದಿದ್ದ. ಬದುಕಿನಲ್ಲಿ ಅವನು ಕೇಳಿದ್ದು ಅದೊಂದೇ. ಕಲ್ಲು ಹೋದ ಆರನೆಯ ದಿನ ಬೆಳಗಾಗುತ್ತಲೇ ಅವನೂ ಹೋದ.

ಅವತ್ತೇ ಅಗಸಿಯಲ್ಲಿ ಉದ್ಘಾಟನೆ. ‘ಡೋಣಿ ಕಣಿವೆಯ ರತ್ನ: ಇತಿಹಾಸ ಮತ್ತು ಪ್ರೇಕ್ಷಣೀಯ ಸ್ಥಳಗಳು’ ಎಂಬ ದೊಡ್ಡ ಬೋರ್ಡು. ಹುಡೇವು ಎಂಬ ಕಾವಲು ಗೋಪುರ, ಮೆಟ್ಟಿಲ ಬಾವಡಿ, ಗೌಡರ ವಾಡೆ, ವೀರಗಲ್ಲು ಎಲ್ಲವೂ ಅದರಲ್ಲಿದ್ದವು. ತಗ್ಗಿನ ಕೇರಿ ಇರಬೇಕಾದಲ್ಲಿ ಬರೀ ಹಸಿರು ಬಣ್ಣ ಬಳಿದಿದ್ದರು. ಪೂಜಾರಿ ಕಲ್ಲಿಗೆ ಹಾಲೆರೆದು, ಇಳಿದದ್ದನ್ನೇ ಹಿಡಿದು ಎಲ್ಲರಿಗೂ ತೀರ್ಥ ಕೊಡುತ್ತಿದ್ದಾಗ ಬಾಳಮ್ಮ ಬಂದು ದೂರ ನಿಂತಳು.

“ಗೌಡ್ರ, ನಮ್ಮನಿಯವ್ರು ಹೋಗ್ಯಾರ್ರಿ. ಒಂದ್ ತಾಸು ಈ ಕಲ್ಲು ಬಿಟ್ಟುಕೊಡ್ರಿ.”

“ಸತ್ರ ಮಣ್ಣ ಮಾಡಹೋಗ. ಇಲ್ಲೇನ್ ಕೆಲಸ ಐತಿ ನಿಂದು?”

“ತೊಳೀಬೇಕ್ರಿ.”

ಬೋರ್ಡಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದ ತಾಲೂಕಿನ ಸಾಹೇಬ ತಿರುಗಿ ನೋಡಿದ. “ಏನಮ್ಮಾ, ಈ ಕಲ್ಲಿನ ಇತಿಹಾಸ ನಿನಗೂ ಗೊತ್ತೇನು?” ಎಂದು ನಕ್ಕ.

“ಗೊತ್ತೈತ್ರಿ. ನಮ್ಮ ಅತ್ತೀನ್ನ ಇದರ ಮ್ಯಾಲ ತೊಳದೇವಿ. ಮಾವನ್ನ ತೊಳದೇವಿ. ನನ್ನ ಮಗಳು ದಾನೇಶ್ವರಿ ಹಡಿಯೂವಾಗ ಹ್ವಾದ್ಲು, ರಕ್ತ ನಿಂದರಲಿಲ್ಲ, ಆಕೀನ್ನೂ ಇದರ ಮ್ಯಾಲನ ತೊಳದೇವಿ. ಕೇರ್ಯಾಗ ಸತ್ತವರ್ನೆಲ್ಲಾ ತೊಳದ ಕಲ್ಲರಿ ಇದು.”

ಗೌಡನ ಅಂಗೈಯಲ್ಲಿ ಎರಡನೆಯ ಸಲದ ತೀರ್ಥವಿತ್ತು. ಮೊದಲಿನದು ಆಗಲೇ ಹೊಟ್ಟೆ ಸೇರಿತ್ತು. ಪೂಜಾರಿ ಅಗಸಿಯ ಗೋಡೆ ಹಿಡಿದು ವಾಂತಿ ಮಾಡಿಕೊಂಡ.

ಆದರೂ ಕಲ್ಲು ಕೊಡುವ ಮಾತನ್ನು ಯಾರೂ ಆಡಲಿಲ್ಲ. ಶುದ್ಧ ಮಾಡಿ ಅಲ್ಲೇ ಇಡುವುದೆಂದಾಯಿತು. ವಾರಕ್ಕೊಮ್ಮೆ ಕೇರಿಗೆ ಹೋಗುವ ನೀರಿನ ಟ್ಯಾಂಕರನ್ನು ಗೌಡ ದಾರಿಯಲ್ಲೇ ತಿರುಗಿಸಿದ. ದೂರದಿಂದ ಪೈಪು ಹಿಡಿದು ಕಲ್ಲಿಗೆ ನೀರು ಹೊಡೆಯತೊಡಗಿದರು.

ಬಾಳಮ್ಮನ ಮನೆಯಲ್ಲಿ ಹೆಣಕ್ಕೆ ಎರೆಯಲು ಒಂದು ಚೆರಿಗೆ ನೀರಿರಲಿಲ್ಲ. ಆಕೆ ಹೋಗಿ ಕೊಡ ತಂದು, ಸುತ್ತ ಕಟ್ಟಿದ್ದ ಸರಪಳಿ ದಾಟಿ, ಕಲ್ಲಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಇಳಿಯುವ ನೀರಿಗೆ ಹಿಡಿದಳು.

“ಏಯ್ ರಂಡೆ, ಸರಿ ಅಲ್ಲಿಂದ,” ಗೌಡ ಒದರಿದ.

“ಬಂದ್ ಎಳೀರಿ.”

ಯಾರೂ ಬರಲಿಲ್ಲ. ಕಲ್ಲೂ ಮೈಲಿಗೆ, ಅವಳೂ ಮೈಲಿಗೆ, ಮುಟ್ಟುವವರು ಯಾರು?

ಅವಳು ಮನೆಗೆ ಬರುವಷ್ಟರಲ್ಲಿ ಪರಮಾನಂದನ ಮೈ ಸೆಟೆದಿತ್ತು. ಮಡಚಿದ ಮೊಣಕಾಲು ನೆಟ್ಟಗಾಗಲಿಲ್ಲ. ಬರೀ ನೆಲದ ಮೇಲೆ ಗೋಡೆಗೆ ಆನಿಸಿ, ಕುಂಕುಮ ಮತ್ತು ಹಾಲು ಬೆರೆತ ಆ ನೀರನ್ನು ತಲೆಯಿಂದ ಎರೆದಳು. ಎದೆಯ ತನಕ ಬಂತು. ಕಾಲಿಗೆ ಸಾಲಲಿಲ್ಲ.