ಬಾಳವ್ವನ ಸೂಜಿಮದ್ದು ಕಾದ ಫ್ರಿಜ್ಜು

ನಾನು ಒಂದು ಫ್ರಿಜ್ಜು. ಕಾರ್ಖಾನೆಯಿಂದ ನೇರವಾಗಿ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಬಂದೆ. ನನ್ನೊಳಗೆ ಹಾಲು, ತರಕಾರಿ ಇಟ್ಟವರಿಲ್ಲ. ಇಟ್ಟದ್ದು ಇಸುಬು ಎಂಬ ಚರ್ಮರೋಗದ ಹೊಸ ಚುಚ್ಚುಮದ್ದು. ವಯಸ್ಕ ರೋಗಿಗಳ ಮೇಲೆ ಅದರ ಪರೀಕ್ಷೆ ನಡೆದಿತ್ತು. ಕೆಲವು ಸಿರಿಂಜುಗಳಲ್ಲಿ ಮದ್ದು, ಕೆಲವುಗಳಲ್ಲಿ ಬರೀ ನೀರು. ಯಾವುದು ಯಾವುದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಬೀಗ ಹಾಕಿ, ದಿನಕ್ಕೆರಡು ಸಲ ನನ್ನ ಚಳಿ ನೋಡಿ ಬರೆದುಕೊಳ್ಳುತ್ತಿದ್ದರು. ಮಂತ್ರಿಗೂ ಇಷ್ಟು ಕಾವಲಿಲ್ಲ ಎಂಬ ಸೊಕ್ಕು ನನಗೆ.

ಬಾಳವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯುವಾಕೆ. ಮೊದಲ ದಿನ ಬಂದಾಗ ಅವಳ ಅಂಗೈ ಒಡೆದು ನೀರು ಸೋರುತ್ತಿತ್ತು.

"ಗಿರಾಕಿ ನನ್ನ ಕೈ ನೋಡಿ ತಾಟು ಬಿಟ್ಟು ಎದ್ದ್ ಹೋದ್ರು. ಮಾಲಕರು ಕೆಲಸ ಬಿಡಿಸಿದ್ರು."

ಡಾಕ್ಟರು ನಕ್ಕರು. "ಹೆದರಬ್ಯಾಡ ಬಾಳವ್ವ. ಆರಾಮ ಆತಂದ್ರ ಪರೀಕ್ಷೆ ಮುಗದ ಮ್ಯಾಲ ಮುಂದನೂ ಈ ಮದ್ದು ಕೊಡ್ತೇವಿ."

ನನ್ನ ಮುಂದೆಯೇ ಆಡಿದ ಮಾತು ಅದು. ಒಪ್ಪಿಗೆಯ ಹಾಳೆ ಓದಿ ಹೇಳಿದ್ದೂ ನಿಜ, ಆದರೆ ಅವಳಿಗೆ ಈ ಮಾತೇ ಸಾಕಾಯಿತು. ಹೆಬ್ಬೆಟ್ಟು ಒತ್ತಿದರೆ ಗೆರೆಯೇ ಮೂಡಲಿಲ್ಲ, ಅಷ್ಟು ಒಡೆದಿತ್ತು. ಎರಡು ಸಲ ಒತ್ತಿಸಿದರು.

ಹದಿನೈದು ದಿನಕ್ಕೊಂದು ಚುಚ್ಚು. ನಾಲ್ಕನೆಯದಕ್ಕೆ ತುರಿಕೆ ಇಳಿಯಿತು. ಎಂಟನೆಯದಕ್ಕೆ ಬರುವಾಗ ಅಂಗೈ ಮಾಯ್ದಿತ್ತು, ರೊಟ್ಟಿಯ ಬುತ್ತಿ ತಂದಿದ್ದಳು.

"ಸಿಸ್ಟರ್, ತಿನ್ರಿ. ನನ್ನ ಕೈಲೇನ ಬಡದದ್ದು. ಹೇಸಬ್ಯಾಡ್ರಿ ಮತ್ತ!"

ನರ್ಸು ರುಬೀನಾ ಅಲ್ಲೇ ಒಂದು ತುಂಡು ಮುರಿದು ಬಾಯಿಗಿಟ್ಟಳು.

ಪರೀಕ್ಷೆ ಮುಗಿಯಿತು, ಚುಚ್ಚೂ ನಿಂತಿತು. ಮೂರು ತಿಂಗಳಿಗೆ ಬಾಳವ್ವ ಮತ್ತೆ ಬಂದಳು, ತಿರುಗಿ ಒಡೆದ ಕೈಗೆ ಬಟ್ಟೆ ಸುತ್ತಿಕೊಂಡು. ಅವತ್ತೇ ಮದ್ದಿನ ಕಂಪನಿಯವರು ನನ್ನೊಳಗೆ ಉಳಿದಿದ್ದ ಸಿರಿಂಜುಗಳನ್ನು ತೆಗೆಯುತ್ತಿದ್ದರು.

"ಅವು ಎಲ್ಲಿಗ್ರಿ?"

"ಸುಡಾಕ," ಎಂದಳು ರುಬೀನಾ, ಮುಖ ಎತ್ತದೆ.

"ಸುಡ್ತೀರಿ, ನನಗ ಕೊಡಂಗಿಲ್ಲ? ಡಾಕ್ಟ್ರ, ನೀವ ಅಂದಿದ್ರಲ್ಲ!"

ಡಾಕ್ಟರು ಅವಳು ಹೆಬ್ಬೆಟ್ಟು ಒತ್ತಿದ ಹಾಳೆ ತೆಗೆದರು. "ಮುಂದ ಕೊಡ್ತೇವಂತ ಇದರಾಗ ಎಲ್ಲೈತಿ ತೋರಸು."

"ಹಾಳ್ಯಾಗ ಇಲ್ರಿ. ನಿಮ್ಮ ಬಾಯಾಗ ಇತ್ತು."

ಡಾಕ್ಟರು ಹಾಳೆ ಮಡಚಿದರು. ಸಿರಿಂಜುಗಳು ಹೋದವು. ಅವಳೂ ಹೋದಳು.

ನಾನು ಸಾಕ್ಷಿ ಹೇಳಲಾರೆ. ಎರಡು ವರ್ಷ ಒಂದು ಗಳಿಗೆ ತಪ್ಪದೆ ಚಳಿ ಹಿಡಿದು ನಿಂತದ್ದು ಬಾಳವ್ವನಂಥವರಿಗಾಗಿ ಎಂದು ನಂಬಿದ್ದೆ. ನನಗೂ ಮೋಸವೇ. ನನ್ನಿಂದ ಕಾವಲು ಕಾಯಿಸಿದ್ದು ಔಷಧಿಗೆ, ಅವಳಿಗಲ್ಲ. ಈಗ ಮುದಿಯಾಗಿ ಕ್ಯಾಂಟೀನಿನ ಮೂಲೆಯಲ್ಲಿ ಬಿದ್ದಿದ್ದೇನೆ. ನನ್ನೊಳಗಿನ ಮೊಸರು ದಿನಾ ಹುಳಿಯುತ್ತದೆ, ಎಲ್ಲರೂ ನನ್ನನ್ನು ಬೈಯುತ್ತಾರೆ. ಹುಳಿಯಲಿ. ಈ ಜನರಿಗಾಗಿ ಮೈ ನಡುಗಿಸಿ ದುಡಿದದ್ದು ಸಾಕು.