ಹಗೇವಿನೊಳಗಿನ ನೀರು

"ಸಾಲ್ಯಾಗ ಏಳನೇತ್ತೆ ದಾಟಲಾರದಂವ ಬಾವಿ ಅಂದ್ರೇನು ಅಂತ ನನಗ ಹೇಳಾಕ ಬಂದಾನ, ನೋಡ್ರಿ," ಅಂದ ಆಳಂದದ ನೀರು ಸರಬರಾಜು ಕಚೇರಿಯ ಗುಮಾಸ್ತ ವಿಶ್ವಾರಾಧ್ಯ, ಸಾಲಿನಲ್ಲಿ ನಿಂತ ಇಪ್ಪತ್ತು ಮಂದಿಗೂ ಕೇಳುವ ಹಾಗೆ. "ಮೈತುಂಬ ಕಣಕಿ ಮೆತ್ಕೊಂಡು ಆಫೀಸಿಗೆ ಬರ್ತಾರೇನಲೇ? ಹೊರಗ ಹೋಗಿ ಝಾಡಿಸ್ಕೊಂಡು ಬಾ ಮೊದಲ."

ಸಾಲಿನಲ್ಲಿ ಇಬ್ಬರು ನಕ್ಕರು. ಮಾಳಿಂಗನ ಕಿವಿ ಕಾದವು. ಆದರೂ ಕಿಟಕಿ ಬಿಟ್ಟು ಕದಲಲಿಲ್ಲ.

ಸಂಗತಿ ಇಷ್ಟೇ. ನಿಂಬರ್ಗಾದಲ್ಲಿ ಅವನ ಮನೆಯಂಗಳದಲ್ಲಿ ಮುತ್ಯಾ, ಅಂದರೆ ಅಜ್ಜ, ಶಿವರಾಯ ತೋಡಿದ ಹಗೇವು ಇತ್ತು. ನೆಲದೊಳಗಿನ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಒಳಗೆ ಕೊಡದ ಹೊಟ್ಟೆಯಂಥ ಅಗಲ, ಸುತ್ತ ಕಣಕಿಯ, ಅಂದರೆ ಜೋಳದ ಒಣದಂಟಿನ, ಹೊದಿಕೆ, ನಡುವೆ ಜೋಳ. ದುಂಡನೆಯ ಪರಸಿಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಎರಡು ವರ್ಷ ಕಾಳಿಗೆ ಹುಳ ಮುಟ್ಟುತ್ತಿರಲಿಲ್ಲ. ಊರಲ್ಲಿ ಈಗ ಉಳಿದದ್ದು ಅದೊಂದೇ. ಅದರಲ್ಲಿ ಇಳಿಯಬಲ್ಲವನೂ ಮಾಳಿಂಗನೊಬ್ಬನೇ.

ಹೋದ ವರ್ಷ ಜಲಮೂಲ ಗಣತಿಯವನು ಮೊಬೈಲ್ ಹಿಡಿದು ಬಂದಾಗ ಮನೆಮಂದಿಯೆಲ್ಲ ತೊಗರಿ ರಾಶಿಗೆ ಹೋಗಿದ್ದರು. ಅವನು ದುಂಡು ಪರಸಿಯ ಫೋಟೋ ಹೊಡೆದ, 'ಬಾವಿ' ಎಂದು ಒತ್ತಿದ, ಹೋದ. ನಕಾಶೆಯ ಮೇಲೆ ನೀಲಿ ಚುಕ್ಕೆಯೊಂದು ಬಿತ್ತು. ಬಾವಿ ಇದ್ದ ಓಣಿಗೆ ನಳ ಇಲ್ಲವಂತೆ. ಹನ್ನೊಂದು ಮನೆಗಳು ಆ ಚುಕ್ಕೆಗೆ ಸಿಕ್ಕಿಬಿದ್ದವು. ತಾಯಿ ಗುರಮ್ಮ ನೋಯುವ ಮೊಣಕಾಲು ಎಳೆಯುತ್ತ ಒಂದು ಕಿಲೋಮೀಟರಿನಿಂದ ಕೊಡ ಹೊರುತ್ತಿದ್ದಳು. ಪೈಪು ಹಾಕುವ ಮಷೀನು ಉಳಿದ ಓಣಿಗಳನ್ನು ಮುಗಿಸಿ ಈ ಓಣಿಯ ಬಾಯಿಗೆ ಬಂದು ನಿಂತಿತ್ತು. ನಾಳೆ ಸಂಜೆಗೆ ಅದು ಮುಂದಿನ ಊರು ಸರಸಂಬಾಕ್ಕೆ ಹೋಗುವುದಿತ್ತು.

"ಅದು ಬಾವಿ ಅಲ್ರಿ. ಹಗೇವು."

"ಕಂಪ್ಯೂಟರಿನ್ಯಾಗ ಹಗೇವು ಅಂತ ಕಾಲಮ್ಮೇ ಇಲ್ಲ. ನಕಾಶೆಯಿಂದ ಬಾವಿ ತೆಗಿಬೇಕಂದ್ರ ನೀರಿನ ಪರೀಕ್ಷಾ ಸರ್ಟಿಫಿಕೇಟ್ ತಾ."

"ನೀರೇ ಇಲ್ಲಲ್ರಿ."

"ಹಂಗಾರ ಬತ್ತಿದ ಬಾವಿ. ಅದಕ್ಕ ಬ್ಯಾರೆ ಫಾರಂ. ಕಡೀಕ ನೀರು ಯಾವಾಗ ಇತ್ತು, ತಾರೀಖು ಬರಿ."

"ಎಂದೂ ಇರಲಿಲ್ರಿ."

"ಎಂದೂ ಇರಲಾರದ ನೀರು ಹ್ಯಾಂಗ ಬತ್ತತದಲೇ?"

ಆಳಂದಕ್ಕೆ ಇದು ಅವನ ಐದನೇ ಖೇಪು. ಮೂರನೇ ಖೇಪಿಗೆ ಸಿಟ್ಟು ನೆತ್ತಿಗೇರಿ ಬಾಟಲಿಯಲ್ಲಿ ಜೋಳ ತುಂಬಿ ತಂದು ಮೇಜಿನ ಮೇಲೆ ಇಟ್ಟಿದ್ದ. 'ಮಾದರಿಯು ದ್ರವರೂಪದಲ್ಲಿಲ್ಲ' ಎಂದು ಚೀಟಿ ಅಂಟಿಸಿ, ಶಿಕ್ಕಾ ಹೊಡೆದು ವಾಪಸು ಕೊಟ್ಟಿದ್ದರು.

ಒಳಕೋಣೆಯಿಂದ ಇಂಜಿನಿಯರ್ ಪಂಚಶೀಲಾ ಹೊರಗೆ ಬಂದಳು. ಈ ಕಚೇರಿಗೆ ಹೊಸಬಳು. "ಆಳ ಅಳದು ನೋಡಿದ್ರ ಮುಗೀತಲ್ರಿ. ನಾಳೆ ನಾನೇ ಬರ್ತೇನಿ. ವಿಶ್ವಾರಾಧ್ಯ ಅವರೇ, ಟೇಪು ತಗೊಂಡು ನೀವೂ ನಡೀರಿ."

ಮರುದಿನ ಜೀಪು ಬಂದಾಗ ಹನ್ನೊಂದು ಮನೆಯವರೂ ಅಂಗಳದಲ್ಲಿದ್ದರು. ಮಾಳಿಂಗ ಮಣ್ಣು ಕೆತ್ತಿ ಪರಸಿ ಸರಿಸಿದ. ಒಳಗಿಂದ ಬೆಚ್ಚನೆಯ ಹುಳಿ ವಾಸನೆ ಎದ್ದಿತು.

"ಒಂದು ಮಿನಿಟಿನ ಕೆಲಸ," ಎಂದು ವಿಶ್ವಾರಾಧ್ಯ ಪ್ಯಾಂಟು ಮಡಿಚಿ ಒಂದು ಕಾಲು ಒಳಗೆ ಇಟ್ಟ.

ಮಾಳಿಂಗ ಅವನ ರಟ್ಟೆ ಹಿಡಿದು ಹಿಂದಕ್ಕೆಳೆದ. "ಕುಂದರ್ರಿ."

"ಏ, ಕೈ ಬಿಡಲೇ. ಊಟದ ಹೊತ್ತಿಗೆ ವಾಪಸ್ ಹೋಗಬೇಕು."

ಮಾಳಿಂಗ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಎರಡು ಮೊಳ ಹೋಗುವುದರಲ್ಲಿ ದೀಪ ಗಪ್ಪನೆ ಆರಿತು.

"ದೀಪಕ್ಕ ಉಸುರಿಲ್ಲಂದ್ರ ಮನಷ್ಯಾಗೂ ಇಲ್ರಿ," ಅಂದ. "ಮುಚ್ಚಿದ ಹಗೇವಿಗೆ ಹಂಗೇ ಇಳದವರು ಹೊಳ್ಳಿ ಬಂದಿಲ್ಲ."

ವಿಶ್ವಾರಾಧ್ಯನ ಮುಖ ಸುಣ್ಣವಾಯಿತು. ಹೋಗಿ ಕಟ್ಟೆಯ ಮೇಲೆ ಕೂತ. ಮಾಳಿಂಗ ಕಂಬಳಿಯನ್ನು ಹಗ್ಗಕ್ಕೆ ಬಿಗಿದು ಇಳಿಸಿ ಎತ್ತಿ, ಇಳಿಸಿ ಎತ್ತಿ, ಒಳಗಿನ ಗಾಳಿ ಕಲಕಿದ. ತಾಸಿನ ಮೇಲೆ ಮತ್ತೆ ಕಂದೀಲು ಬಿಟ್ಟ. ಆರಿತು.

"ಇನ್ನೂ ಎಷ್ಟೊತ್ತಪಾ?" ವಿಶ್ವಾರಾಧ್ಯನ ದನಿ ಮೆತ್ತಗಾಗಿತ್ತು.

'ಇವತ್ತ ಆಗೂದಿಲ್ಲ, ನಾಳಿ ಬರ್ರಿ' ಎನ್ನುವ ಮಾತು ಮಾಳಿಂಗನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಕಚೇರಿಯ ಕಿಟಕಿಯಲ್ಲಿ ಎಷ್ಟು ಸಲ ಕೇಳಿದ ಮಾತು. ನುಂಗಿಕೊಂಡ. ಹಗೇವಿನ ಕೆಲಸದಲ್ಲಿ ಮುತ್ಯಾ ಸುಳ್ಳು ಆಡಿದವನಲ್ಲ. ಓಣಿಯ ತುದಿಯಲ್ಲಿ ಮಷೀನಿನವರು ಸಾಮಾನು ಕಟ್ಟತೊಡಗಿದ್ದರು. ಗುರಮ್ಮ ಒಮ್ಮೆ ಅತ್ತ ನೋಡುತ್ತಿದ್ದಳು, ಒಮ್ಮೆ ಮಗನ ಕೈ ನೋಡುತ್ತಿದ್ದಳು. ಅವನು ಅವಸರ ಮಾಡಲಿಲ್ಲ.

ಮೂರನೇ ಸಲ ಕಂದೀಲು ತಳ ಮುಟ್ಟಿತು. ದೀಪ ನೆಟ್ಟಗೆ ನಿಂತಿತು. ಮೊದಲು ತಾನು ಇಳಿದ, ಹತ್ತರವರೆಗೆ ಎಣಿಸಿ ಉಸಿರು ನೋಡಿಕೊಂಡ, ಆಮೇಲೆ ಕೂಗಿದ: "ಬರ್ರಿ ಸಾಹೇಬರ. ಕಾಲು ನನ್ನ ಹೆಗಲ ಮ್ಯಾಲಿಡ್ರಿ."

ವಿಶ್ವಾರಾಧ್ಯ ಅವನ ಹೆಗಲು ತುಳಿದು ಇಳಿದು ಮೊಣಕಾಲವರೆಗೆ ಹೂತುಹೋದ.

ಮೇಲಿಂದ ಪಂಚಶೀಲಾ ಕೇಳಿದಳು: "ನೀರು ಎಷ್ಟು ಅದರಿ?"

"ನೀರಿಲ್ರಿ ಮೇಡಮ್," ಅಂದ ವಿಶ್ವಾರಾಧ್ಯ.

"ಮತ್ತೇನದ?"

ವಿಶ್ವಾರಾಧ್ಯ ಬಗ್ಗಿ ಒಂದು ಹಿಡಿ ಎತ್ತಿ ಕಂದೀಲಿನ ಬೆಳಕಿಗೆ ಹಿಡಿದ. "ಜ್ವಾಳ ಅದರಿ."

ಅಂಗಳವೆಲ್ಲ ನಕ್ಕಿತು. ಮೊಣಕಾಲು ಹಿಡಿದುಕೊಂಡು ಗುರಮ್ಮನೂ ನಕ್ಕಳು.

"ಏನಂತ ಬರೀಲಿ ಮೇಡಮ್? ಕಾಲಮ್ ಇಲ್ಲಲ್ರಿ."

"ಕಾಲಮಿನ ಹೊರಗ ಬರೀರಿ. ಹಗೇವು ಅಂತ."

ಜೋಳದಲ್ಲಿ ನಿಂತುಕೊಂಡೇ, ಕಂದೀಲಿನ ಬೆಳಕಿನಲ್ಲಿ, ವಿಶ್ವಾರಾಧ್ಯ ಫಾರಮ್ಮಿನ ಅಂಚಿನಲ್ಲಿ ಬರೆದ. ಸಾಕ್ಷಿಗೆ ಮಾಳಿಂಗ ಪೂರ್ತಿ ಹೆಸರು ಬಿಡಿಸಿ ಬರೆದ, ಮುತ್ಯಾನ ಹೆಸರೂ ಸೇರಿಸಿ. ಮೇಲೆ ಪಂಚಶೀಲಾ ಮೊಬೈಲಿನಲ್ಲಿ ನೀಲಿ ಚುಕ್ಕೆ ಒರೆಸಿ, ಮಷೀನಿನವರಿಗೆ ಕೈ ಮಾಡಿ ಕರೆದಳು.

ಹೊರಬಂದ ವಿಶ್ವಾರಾಧ್ಯನ ತಲೆ, ಅಂಗಿ, ಮೀಸೆಗೆಲ್ಲ ಕಣಕಿ ಮೆತ್ತಿತ್ತು. ಗುರಮ್ಮ ಚರಿಗೆಯಲ್ಲಿ ನೀರು ಕೊಟ್ಟಳು. ಕುಡಿದು, ಕಂದೀಲನ್ನೇ ನೋಡುತ್ತ, ಎಲ್ಲರ ಎದುರಿಗೇ ಕೇಳಿದ:

"ಮಾಳಿಂಗಪ್ಪ, ಇದನ್ನ ಯಾವ ಸಾಲ್ಯಾಗ ಕಲ್ತಿಯಪಾ?"

ಹನ್ನೊಂದು ಮನೆಯವರೂ ಮಾಳಿಂಗನ ಬಾಯಿ ನೋಡಿದರು. ಅವನು ಕಂದೀಲು ಆರಿಸಿ ಗೂಟಕ್ಕೆ ತೂಗುಹಾಕಿದ. ಪರಸಿ ಎಳೆದು ಹಗೇವಿನ ಬಾಯಿ ಮುಚ್ಚಿದ. ಮೈಮೇಲಿನ ಕಣಕಿಯನ್ನು ಝಾಡಿಸಿಕೊಳ್ಳದೆ, ಎದೆ ಸೆಟೆಸಿ, ಪೈಪು ಎಲ್ಲಿಂದ ಹೊರಳಬೇಕೆಂದು ತೋರಿಸಲು ಓಣಿಯ ಕಡೆಗೆ ನಡೆದುಬಿಟ್ಟ.